ಮಾವ ಹಿಡಿದ ಮೀನು ಯಾರದ್ದು? ಟವಾಕನಿ ಕೆರೆಯ ಒಂದು ಪ್ರಕರಣ

ದೋಣಿಯ ನೆಲದಲ್ಲಿ ಒದ್ದೆ ಚಾಪೆಯ ಮೇಲೆ 41 ಇಂಚಿನ ಮೀನು ಮಲಗಿತ್ತು. ತೂಕ 36 ಪೌಂಡ್, ಅಂದರೆ 16 ಕಿಲೋ ಚಿಲ್ಲರೆ. ಮಾವ ಅದರ ಕೆಳದವಡೆ ಹಿಡಿದಿದ್ದರು. ಗೈಡ್ ಬಾಲದ ಬುಡ ಹಿಡಿದಿದ್ದರು. ಇಬ್ಬರೂ ನಗುತ್ತಿದ್ದರು, ಇಬ್ಬರೂ ಬಿಡುತ್ತಿರಲಿಲ್ಲ. ಮಾವನಿಗೆ ಅದು ಐಸ್ ಪೆಟ್ಟಿಗೆಗೆ ಹೋಗಬೇಕು. ಗೈಡ್‌ಗೆ ಅದು ನೀರಿಗೆ ಹೋಗಬೇಕು. ನಡುವೆ ನಾನು ಫೋಟೊ ತೆಗೆಯುವ ನೆಪದಲ್ಲಿ ನಿಂತಿದ್ದೆ. ನಿಜ ಹೇಳಬೇಕೆಂದರೆ ಯಾರ ಪರ ಮಾತಾಡಬೇಕೋ ತಿಳಿಯದೆ ನಿಂತಿದ್ದೆ.

ಈ ಅರ್ಧ ನಿಮಿಷಕ್ಕೆ ನಾವು ಹೇಗೆ ಬಂದು ಮುಟ್ಟಿದೆವು, ಆಮೇಲೆ ಏನಾಯಿತು ಅನ್ನುವುದನ್ನು ಬರೆದಿಡುತ್ತಿದ್ದೇನೆ. ದುಡ್ಡು ಕೊಟ್ಟು ಗೈಡ್ ಜೊತೆ ಮೀನು ಹಿಡಿಯಲು ಹೋಗುವವರಿಗೆ ಉಪಯೋಗವಾದೀತು. ಅದರಲ್ಲೂ ಊರಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ.

ಹೋದವರು, ಹೋದ ಜಾಗ

ನಾವಿರುವುದು ಟೆಕ್ಸಾಸ್‌ನ ಪ್ಲೇನೋದಲ್ಲಿ. ಮಾವ ತೀರ್ಥಹಳ್ಳಿ ಕಡೆಯವರು. ಅಡಿಕೆ ತೋಟ, ಪಕ್ಕದಲ್ಲೇ ತುಂಗೆಗೆ ಸೇರುವ ಹಳ್ಳ. ವಯಸ್ಸು 68. ಆರು ತಿಂಗಳಿಗೆಂದು ಮಗಳ ಮನೆಗೆ ಬಂದವರಿಗೆ ಎರಡೇ ತಿಂಗಳಲ್ಲಿ ಬೇಜಾರು ಹಿಡಿದಿತ್ತು. ಮುಂಗಾರಿನ ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನು ಹಿಡಿದು, ಹಳ್ಳಕ್ಕೆ ಬಿದಿರಿನ ಬೋನಿನಂಥ ಕೂಣಿ ಹಾಕಿ ಬೆಳೆದ ಜೀವ ಅದು. ಸೋಫಾ ಮೇಲೆ ಎಷ್ಟು ದಿನ ಕೂರುತ್ತಾರೆ?

ಹಾಗಾಗಿ ಫೆಬ್ರವರಿಯಲ್ಲಿ ಒಂದು ಟ್ರಿಪ್ ಬುಕ್ ಮಾಡಿದೆ. ಮಾವ, ನಾನು, ನನ್ನ ಒಂಬತ್ತು ವರ್ಷದ ಮಗಳು, ಜೊತೆಗೆ ಒಬ್ಬ ಆಫೀಸ್ ಗೆಳೆಯ. ನಾಲ್ವರಿಗೆ ಅರ್ಧ ದಿನಕ್ಕೆ 500 ಡಾಲರ್, ಟಿಪ್ಸ್ ಬೇರೆ. ದೋಣಿ, ಗಾಳದ ರಾಡು, ಎರೆ, ಕೊನೆಗೆ ಮೀನು ಕೊಯ್ದು ಕೊಡುವುದು ಎಲ್ಲ ಅದರಲ್ಲೇ ಬಂತು. ಈ ಮೊತ್ತವನ್ನು ಮಾವನಿಗೆ ಹೇಳಿರಲಿಲ್ಲ. ಮಗಳು ಹೇಳಿದಳು.

ಟವಾಕನಿ ಕೆರೆ ಡಲ್ಲಾಸ್‌ನಿಂದ ಪೂರ್ವಕ್ಕೆ ಸುಮಾರು 50 ಮೈಲಿ. ಕೆರೆ ಅಂತೀವಿ, ನಿಜಕ್ಕೂ ಅದು ಹಿನ್ನೀರು. ಸಬೀನ್ ನದಿಗೆ ಐರನ್ ಬ್ರಿಡ್ಜ್ ಅನ್ನುವ ಅಣೆಕಟ್ಟು ಕಟ್ಟಿ 1960ರಲ್ಲಿ ಮುಗಿಸಿದರು. ಡಲ್ಲಾಸ್‌ನ ಕುಡಿಯುವ ನೀರಿನಲ್ಲಿ ಇದರದ್ದೂ ಪಾಲಿದೆ. ನೀರು ಹರಡಿರುವುದು ಸುಮಾರು 37,800 ಎಕರೆ, ಲೆಕ್ಕ ಹಾಕಿದರೆ ನಮ್ಮ ಲಿಂಗನಮಕ್ಕಿಯ ಅರ್ಧ. ಹೆಸರು ಅಲ್ಲಿ ಹಿಂದೆ ಇದ್ದ ಟವಾಕನಿ ಅನ್ನುವ ಮೂಲನಿವಾಸಿ ಜನರದ್ದು. ನೀರಲ್ಲಿ ಮುಳುಗಿ ಬೋಳಾಗಿ ನಿಂತ ಮರಗಳನ್ನು ನೋಡಿ ಮಾವ, "ಇದು ನಮ್ಮ ಶರಾವತಿ ಹಿನ್ನೀರೇ ಅಲ್ವೇನೋ" ಅಂದರು. ಆವತ್ತು ಅವರಿಗೆ ಖುಷಿಯಾದ ಮೊದಲ ಮಾತು ಅದೇ. (ಮಗಳಿಗೆ ಬೇರೆಯದೇ ಆಸಕ್ತಿ. 2007ರಲ್ಲಿ ಇಲ್ಲಿನ ಸ್ಟೇಟ್ ಪಾರ್ಕ್‌ನಲ್ಲಿ ಸಾವಿರಾರು ಜೇಡಗಳು ಸೇರಿ ಸಾಲು ಮರಗಳನ್ನೇ ಮುಚ್ಚುವಷ್ಟು ದೊಡ್ಡ ಬಲೆ ನೇಯ್ದಿದ್ದವು. ಆ ಜೇಡ ಈಗಲೂ ಇದೆಯಾ ಅಂತ ದಾರಿಯುದ್ದಕ್ಕೂ ಕೇಳಿದಳು.)

ಮೀನಿನ ಹೆಸರು ಬ್ಲೂ ಕ್ಯಾಟ್‌ಫಿಶ್. ಹೆಸರು ಕೇಳಿದ್ದೇ ಮಾವ ಮುಖ ಕಿವುಚಿದರು. ಕಾರಣ ಇದೆ. ನಮ್ಮಲ್ಲಿ ಕ್ಯಾಟ್‌ಫಿಶ್ ಅಂದರೆ ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಹೊಂಡದಲ್ಲಿ ಕದ್ದು ಸಾಕುವ ಆಫ್ರಿಕನ್ ಮೀನು. ಅದನ್ನು ಸಾಕುವುದನ್ನು ಭಾರತದಲ್ಲಿ 2000ದಲ್ಲೇ ನಿಷೇಧಿಸಿದರು. ಇದು ಅದಲ್ಲ, ಮೀಸೆ ಮೀನುಗಳಲ್ಲಿ ಬೇರೆಯದೇ ಕುಟುಂಬ, ಅಮೆರಿಕದ ದೊಡ್ಡ ನದಿಗಳದ್ದು ಅಂತ ಹೇಳಿದೆ. "ಹಂಗಾರೆ ನಮ್ಮ ಬಾಳೆಮೀನು ಇದ್ದ ಹಂಗೆ ಅನ್ನು" ಅಂದರು. ಪೂರ್ತಿ ಸರಿಯಲ್ಲ, ಆದರೆ ಒಪ್ಪಿಕೊಂಡೆ. ಬಾಳೆಮೀನು ಅಂದರೆ ಅವರಿಗೆ ಬಾಯಲ್ಲಿ ನೀರು ಬರುತ್ತದೆ. ಈಗ ಯೋಚಿಸಿದರೆ, ಎಡವಟ್ಟು ಶುರುವಾಗಿದ್ದೇ ಅಲ್ಲಿ.

ಬೆಳಿಗ್ಗೆ ಆರೂವರೆ

ದೋಣಿ ಹತ್ತುವ ಮೊದಲೇ ಒಂದು ತಪ್ಪು ಹೊರಬಿತ್ತು. 65 ದಾಟಿದವರಿಗೆ ಲೈಸೆನ್ಸ್ ಬೇಡ ಅಂತ ನಾನು ಅಂದುಕೊಂಡಿದ್ದೆ. ಹಾಗೇನಿಲ್ಲ. ಹಿರಿಯರಿಗೆ ರಿಯಾಯಿತಿ ಇರುವುದು ಟೆಕ್ಸಾಸ್ ನಿವಾಸಿಗಳಿಗೆ. ಪ್ರವಾಸಿ ವೀಸಾದಲ್ಲಿ ಬಂದ ಮಾವ ಹೊರಗಿನವರು. ಅವರಿಗೆ ಒಂದು ದಿನದ ಲೈಸೆನ್ಸ್ ಬೇಕು, 16 ಡಾಲರ್. ಗೈಡ್ ಕೇಳಿದ್ದಕ್ಕೆ ಬಚಾವಾದೆವು. ಕಾರಿನಲ್ಲೇ ಕೂತು ಫೋನಲ್ಲಿ ಕೊಂಡೆ. 17 ತುಂಬದ ಮಕ್ಕಳಿಗೆ ಲೈಸೆನ್ಸ್ ಬೇಡ. ಆದರೆ 13ರ ಒಳಗಿನವರು ದೋಣಿ ಓಡುವಾಗ ಲೈಫ್ ಜಾಕೆಟ್ ಹಾಕಲೇಬೇಕು. ಆ ಚಳಿಯಲ್ಲಿ ನಾವೆಲ್ಲರೂ ಹಾಕಿಕೊಂಡೆವು, ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್ ಅಂದುಕೊಂಡು.

ಫೆಬ್ರವರಿ ಯಾಕೆ ಅಂತ ಗೆಳೆಯ ಕೇಳಿದ. ಬೇಸಿಗೆಯಲ್ಲೂ ಸಣ್ಣ ಮೀನು ಸಿಗುತ್ತವೆ. ದೊಡ್ಡ ಬ್ಲೂ ಬೇಕಿದ್ದರೆ ಡಿಸೆಂಬರಿಂದ ಫೆಬ್ರವರಿಯೇ ಕಾಲ. ಉಳಿದ ಕ್ಯಾಟ್‌ಫಿಶ್‌ಗಳು ಚಳಿಗೆ ಮುದುಡಿಕೊಂಡರೆ, ಬ್ಲೂ ಮಾತ್ರ ಶ್ಯಾಡ್ ಅನ್ನುವ ಬೆಳ್ಳಿ ಬಣ್ಣದ ಮೀನಿನ ಹಿಂಡಿನ ಹಿಂದೆ ಸುತ್ತುತ್ತಲೇ ಇರುತ್ತದೆ. ನೀರು ಜಾಸ್ತಿ ತಣ್ಣಗಾದರೆ ಶ್ಯಾಡ್ ತಾವಾಗೇ ಸಾಯುತ್ತವೆ. ಬ್ಲೂಗೆ ಅದು ಕೂತಲ್ಲಿಗೆ ಬಂದ ಊಟ.

ಗೈಡ್ ಬೀಸುಬಲೆಯಲ್ಲಿ ಶ್ಯಾಡ್ ಹಿಡಿದು ತಂದಿಟ್ಟಿದ್ದರು. ತಾಜಾ ಶ್ಯಾಡನ್ನು ಅಡ್ಡಡ್ಡ ತುಂಡು ಮಾಡಿ ಕೊಕ್ಕೆಗೆ ಸಿಕ್ಕಿಸುತ್ತಾರೆ. ಮಾವ ಒಂದು ತುಂಡನ್ನು ಮೂಸಿ ನೋಡಿ ತಲೆಯಾಡಿಸಿದರು. ಬೀಸುಬಲೆ ಮಡಚಿಟ್ಟಿದ್ದ ರೀತಿಯನ್ನೂ ನೋಡಿದರು. ಅಲ್ಲಿಂದ ಗೈಡ್ ಮೇಲೆ ಅವರಿಗೆ ಗೌರವ ಬಂತು. ಮಾತು ಬಾರದ ಇಬ್ಬರು ಕಸುಬುದಾರರು ಒಬ್ಬರನ್ನೊಬ್ಬರು ಅಳೆಯುವುದನ್ನು ನೋಡುವುದೇ ಚಂದ.

ಮೊದಲ ಎರಡು ಗಂಟೆ ದಂಡ. ಹಿಂದಿನ ರಾತ್ರಿ ಉತ್ತರದ ಗಾಳಿ ಬೀಸಿತ್ತು. ಕೆರೆ ಅಗಲ, ಆಳ ಕಡಿಮೆ, ತಡೆಯಲು ಗುಡ್ಡ ಇಲ್ಲ. ಗಾಳಿ ಬಂದರೆ ಅಲೆ ಏಳುತ್ತದೆ. ನೀರಿನಲ್ಲಿ ಕೊಡೆಯ ಹಾಗೆ ಬಿಚ್ಚಿಕೊಳ್ಳುವ ಒಂದು ಚೀಲವನ್ನು ದೋಣಿಗೆ ಕಟ್ಟಿ, ಗಾಳಿಗೆ ನಿಧಾನ ತೇಲುತ್ತಾ ಎಂಟು ರಾಡುಗಳನ್ನು ಎಳೆಯುತ್ತಾ ಹೋದೆವು. ಎರಡು ಸಲ ರಾಡು ಅಲುಗಿತು. ಎರಡು ಸಲವೂ ಮಾವ ಎದ್ದು ಜಗ್ಗಿದರು. ಎರಡು ಸಲವೂ ಖಾಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಕಟ್ಟುವುದು ಸರ್ಕಲ್ ಹುಕ್. ಅದರ ಮೊನೆ ಒಳಕ್ಕೆ ಬಾಗಿರುತ್ತದೆ. ಜಗ್ಗಿದರೆ ಮೀನಿನ ಬಾಯಿಂದ ಜಾರಿ ಬರುತ್ತದೆ. ಸುಮ್ನೆ ಬಿಟ್ಟರೆ ಮೀನು ತಿರುಗಿ ಈಜುವಾಗ ತಾನಾಗೇ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯೊಳಗೆ ನುಂಗುವುದು ಕಡಿಮೆ, ಹಾಗಾಗಿ ವಾಪಸ್ ಬಿಟ್ಟ ಮೀನು ಬದುಕುತ್ತದೆ. ಅದಕ್ಕೇ ರಾಡು ದೋಣಿಗೆ ಹಾಕಿದ ಸ್ಟ್ಯಾಂಡಿನಲ್ಲೇ ಇರಬೇಕು, ಪೂರ್ತಿ ಬಾಗುವ ತನಕ ಯಾರೂ ಮುಟ್ಟಬಾರದು. ಗೈಡ್ ಹತ್ತುವಾಗಲೇ ಹೇಳಿದ್ದರು. ನಾನು ಮಾವನಿಗೆ ಕನ್ನಡದಲ್ಲಿ ಹೇಳಿದ್ದು ಬರೀ "ಮುಟ್ಟಬೇಡಿ" ಅಂತ. ಯಾಕೆ ಅಂತ ಹೇಳಲಿಲ್ಲ. "ಗಾಳ ಅಂದ್ರೆ ಕೈಗೆ ಗೊತ್ತಾಗ್ಬೇಕು ಮಾರಾಯ. ಇದೆಂಥದು, ಕೋಲಿಗೆ ಕೆಲಸ ಕೊಟ್ಟು ನಾವು ಕೂರೋದು?" ಅಂದರು. ಕೊಕ್ಕೆ ಕೈಗೆ ಕೊಟ್ಟು ತೋರಿಸಿದ ಮೇಲೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಮತ್ತೆ ಜಗ್ಗಲಿಲ್ಲ.

ನೀರುಕಾಗೆ ಮರ

ಒಂಬತ್ತು ಗಂಟೆಗೆ ಗೈಡ್ ರಾಡುಗಳನ್ನೆಲ್ಲ ಸುತ್ತಿಕೊಂಡು ದೋಣಿಯನ್ನು ಒಂದು ಮೂಲೆಗೆ ಓಡಿಸಿದರು. ಅಲ್ಲಿ ಗಾಳಿ ಇಲ್ಲ. ಒಣಮರಗಳ ತುಂಬ ನೀರುಕಾಗೆಗಳು. ಕೊಂಬೆಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ. ವಾಸನೆ ಬೇರೆ. ಮಗಳು ಮೂಗು ಮುಚ್ಚಿಕೊಂಡಳು.

ಈ ಹಕ್ಕಿಗಳು ಚಳಿಗಾಲಕ್ಕೆ ಉತ್ತರದಿಂದ ಬರುತ್ತವೆ. ಹಗಲೆಲ್ಲ ಶ್ಯಾಡ್ ತಿಂದು ಈ ಮರಗಳಲ್ಲಿ ರಾತ್ರಿ ಕಳೆಯುತ್ತವೆ. ಹಿಕ್ಕೆ ಕೆಳಗೆ ಬೀಳುತ್ತದೆ, ಒಮ್ಮೊಮ್ಮೆ ಕಕ್ಕಿದ ಮೀನೂ ಬೀಳುತ್ತದೆ. ಅದನ್ನು ತಿನ್ನಲು ಬ್ಲೂಗಳು ಮರದ ಬುಡಕ್ಕೇ ಬರುತ್ತವೆ, ಏಳೆಂಟು ಅಡಿ ನೀರಿಗೆ. ಪೂರ್ವ ಟೆಕ್ಸಾಸ್‌ನ ಕೆರೆಗಳಲ್ಲಿ ಇದು ಹಳಬರ ಗುಟ್ಟು. ಮಾವನಿಗೆ ಇದನ್ನು ಅನುವಾದ ಮಾಡಬೇಕಾಗಲೇ ಇಲ್ಲ. ಮರ ನೋಡಿದರು, ನೀರು ನೋಡಿದರು, "ಓ, ಅತ್ತಿಮರದ ಕೆಳಗೆ ಹಣ್ಣು ಬೀಳೋ ಕಡೆ ಮೀನು ಕಾಯೋ ಹಂಗೆ" ಅಂದರು.

ಗೈಡ್ ಅಂದರೆ ಇದೇ, ನನ್ನ ಪ್ರಕಾರ. ದೋಣಿ ಬಾಡಿಗೆಗೆ ಸಿಗುತ್ತದೆ. ರಾಡು ಅಂಗಡಿಯಲ್ಲಿ ಸಿಗುತ್ತದೆ. 37,800 ಎಕರೆಯಲ್ಲಿ ಆ ಒಂದು ಮೂಲೆಗೆ, ಆ ಹೊತ್ತಿಗೆ, ಆ ಗಾಳಿಗೆ ಹೋಗಬೇಕು ಅನ್ನುವ ತೀರ್ಮಾನಕ್ಕೆ ನಾವು 500 ಡಾಲರ್ ಕೊಟ್ಟಿದ್ದು.

ಇಪ್ಪತ್ತು ನಿಮಿಷದಲ್ಲಿ ಮೊದಲ ಮೀನು. ಆಮೇಲೆ ಬಿಡುವಿಲ್ಲ. ಹದಿನಾರು, ಹದಿನೆಂಟು, ಇಪ್ಪತ್ತೆರಡು ಇಂಚಿನವು. ಬೆನ್ನು ನೀಲಿ ಬೂದು, ಹೊಟ್ಟೆ ಬಿಳಿ, ಬಾಲ ಕವಲು, ಕೆಳಗಿನ ಈಜುರೆಕ್ಕೆಯ ಅಂಚು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರ. ಚಾನಲ್ ಕ್ಯಾಟ್‌ಫಿಶ್ ಅನ್ನುವ ಇನ್ನೊಂದು ಬಗೆಗೆ ಅದು ದುಂಡಗಿರುತ್ತದೆ. ಇವನ್ನೆಲ್ಲ ಗೈಡ್ ಸಂತೋಷದಿಂದ ಐಸ್ ಪೆಟ್ಟಿಗೆಗೆ ಹಾಕಿದರು. ಅದನ್ನು ನೋಡುತ್ತಿದ್ದ ಮಾವ ದೊಡ್ಡದೂ ಅಲ್ಲಿಗೇ ಹೋಗುತ್ತದೆ ಅಂದುಕೊಂಡದ್ದರಲ್ಲಿ ತಪ್ಪೇನಿದೆ?

ಹನ್ನೊಂದರ ಹತ್ತಿರ ಹಿಂದಿನ ರಾಡು ನೀರಿಗೆ ಮುಟ್ಟುವಷ್ಟು ಬಾಗಿತು. ಮಾವನ ಸರದಿ. ಹನ್ನೆರಡು ನಿಮಿಷ ಎಳೆದಾಡಿದರು. ಗೆಳೆಯ ಸಹಾಯಕ್ಕೆ ಹೋದರೆ ಮೊಣಕೈಯಲ್ಲಿ ತಳ್ಳಿದರು. ಮೀನು ಮೇಲೆ ಬಂದಾಗ ಮಗಳು ಕಿರುಚಿದಳು. ಗೈಡ್ ಕೈಬಲೆ ಹಾಕಿ ಎತ್ತಿದರು, ಅಳೆದರು, ತೂಗಿದರು. ಆಮೇಲೆ ಆ ಅರ್ಧ ನಿಮಿಷ.

"30 ಇಂಚಿಗಿಂತ ದೊಡ್ಡದು ನನ್ನ ದೋಣಿಯಿಂದ ಮನೆಗೆ ಹೋಗಲ್ಲ" ಅಂತ ಗೈಡ್ ನನಗೆ ಹೇಳಿದರು. ಮೆಲ್ಲಗೆ, ಗಟ್ಟಿಯಾಗಿ.

ನಾನು ಮಾವನಿಗೆ ಹೇಳಿದೆ.

"ಎಂಥ ಮಾರಾಯ ಇದು? ದುಡ್ಡು ಕೊಟ್ಟು ಹಿಡಿದು ವಾಪಸ್ ಬಿಡೋದಾ?"

"ಅವರ ದೋಣಿಯ ನಿಯಮ ಅಂತೆ ಮಾವ."

"ಸರ್ಕಾರದ್ದಾ, ಇವರದ್ದಾ?"

ಒಳ್ಳೆಯ ಪ್ರಶ್ನೆ. ಇವರದ್ದೇ ಅಂತ ಒಪ್ಪಿಕೊಳ್ಳಬೇಕಾಯಿತು. ಮಾವ ಗೈಡ್ ಮುಖ ನೋಡಿದರು, ಮೀನು ನೋಡಿದರು, ದೂರದ ದಡ ನೋಡಿದರು. ಆಮೇಲೆ ದವಡೆ ಬಿಟ್ಟರು. "ಹೊಳೆ ದಾಟಿದ ಮೇಲಲ್ವಾ ಅಂಬಿಗನ ಹಂಗು ಬೇಡ ಅನ್ನೋದು? ಇನ್ನೂ ನಡುನೀರಲ್ಲಿದ್ದೀವಿ. ಬಿಡು ಅನ್ನು."

ಗೈಡ್ ಒಂದು ಕೈ ಹೊಟ್ಟೆ ಕೆಳಗೆ, ಒಂದು ಕೈ ಬಾಲಕ್ಕೆ ಕೊಟ್ಟು ಅಡ್ಡಕ್ಕೇ ಹಿಡಿದು ನೀರಿಗೆ ಇಳಿಸಿದರು. ಅದು ಒಂದು ಗಳಿಗೆ ನಿಂತಿತು. ಬಾಲ ಬೀಸಿ ನಮ್ಮ ಮೇಲೆಲ್ಲ ನೀರೆರಚಿ ಹೋಯಿತು.

ಯಾರದ್ದು ಸರಿ?

ಕಾರಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಆ ವಾರವಿಡೀ ಇದನ್ನೇ ಕೆದಕಿದೆ.

ಕಾನೂನು ಮಾವನ ಕಡೆಗಿದೆ. ಟವಾಕನಿಗೆ ಪ್ರತ್ಯೇಕ ನಿಯಮ ಇದೆ. ಬ್ಲೂ ಮತ್ತು ಚಾನಲ್ ಎರಡೂ ಸೇರಿ ಒಬ್ಬರಿಗೆ ದಿನಕ್ಕೆ 25. ಅದರಲ್ಲಿ 20 ಇಂಚು ಮತ್ತು ಮೇಲಿನವು 7ಕ್ಕಿಂತ ಹೆಚ್ಚಿರಬಾರದು. ಆ ಏಳರಲ್ಲಿ 30 ಇಂಚು ದಾಟಿದವು ಎರಡು ಮಾತ್ರ. ಮಾವನ ಮೀನು ಆ ಎರಡರಲ್ಲಿ ಒಂದಾಗಬಹುದಿತ್ತು. ಲೈಸೆನ್ಸ್ ಅವರದ್ದು, ಪಾಲು ಅವರದ್ದು.

ಆದರೆ ಆ ನಿಯಮವನ್ನು ಯಾಕೆ ಹಾಗೆ ಹೆಣೆದರು ಅಂತ ನೋಡಿದರೆ ಗೈಡ್ ಹೇಳುವುದು ಅರ್ಥವಾಗುತ್ತದೆ. ಸಣ್ಣವು ಬೇಕಾದಷ್ಟಿವೆ, ತಿನ್ನಿ. ದೊಡ್ಡವು ಕೆಲವೇ. ಟೆಕ್ಸಾಸ್‌ನ ಕೆರೆಗಳಲ್ಲಿ ಬ್ಲೂ 30 ಇಂಚು ಮುಟ್ಟಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಜಾಸ್ತಿ ಬೇಕು. ಇಪ್ಪತ್ತು ವರ್ಷ ದಾಟಿ ಬದುಕುವ ಮೀನು ಇದು. 41 ಇಂಚಿನದು ಬಹುಶಃ ನನ್ನ ಮಗಳು ಹುಟ್ಟುವ ಮೊದಲೇ ಆ ಕೆರೆಯಲ್ಲಿತ್ತು. ಇನ್ನೊಂದು ಕಾರಣವನ್ನು ಗೈಡ್ ಬಾಯಿಬಿಟ್ಟು ಹೇಳಲಿಲ್ಲ. ನಾನೇ ಹೇಳುತ್ತೇನೆ. ಆ ಮೀನು ಅವರ ಬಂಡವಾಳ. ಮುಂದಿನ ವಾರ ಇನ್ನೊಬ್ಬರ ಮಾವ ಬರುತ್ತಾರೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ನಮ್ಮ ಅಡಿಕೆ ಮರವನ್ನು ನಾವು ಕಡಿಯುತ್ತೇವಾ?

ಅದೂ ಅಲ್ಲದೆ ದೊಡ್ಡ ಮೀನಿನ ಮೇಲೆ ಈ ಕಡೆಯವರಿಗೆ ಒಂದು ಬಗೆಯ ಅಭಿಮಾನ. 2004ರ ಜನವರಿ 16ರಂದು ಟೆಕ್ಸಾಸ್ ಮತ್ತು ಒಕ್ಲಹೋಮಾ ಗಡಿಯ ಟೆಕ್ಸೋಮಾ ಕೆರೆಯಲ್ಲಿ ಕೋಡಿ ಮಲೆನಿಕ್ಸ್ ಅನ್ನುವವರಿಗೆ 121.5 ಪೌಂಡಿನ ಬ್ಲೂ ಸಿಕ್ಕಿತು. ಆಗ ಅದು ವಿಶ್ವದಾಖಲೆ. ಅವರು ಅದನ್ನು ಕೊಲ್ಲಲಿಲ್ಲ. ಟೆಕ್ಸಾಸ್‌ನದೇ ಅಥೆನ್ಸ್ ಊರಿನ ಸರ್ಕಾರಿ ಮೀನುಗಾರಿಕಾ ಕೇಂದ್ರದ ತೊಟ್ಟಿಗೆ ಬಿಟ್ಟರು. ಸ್ಪ್ಲ್ಯಾಶ್ ಅಂತ ಹೆಸರಿಟ್ಟರು. 2005ರ ಕೊನೆಯಲ್ಲಿ ಸಾಯುವ ತನಕ ಜನ ಬಂದು ನೋಡಿದರು. ಇದನ್ನು ಹೇಳಿದ್ದಕ್ಕೆ ಮಾವ, "ನಮ್ಮ ಕಬಿನಿಯ ಮಹಸೀರ್ ಎಷ್ಟಿತ್ತು ಗೊತ್ತಾ?" ಅಂತ ಕೇಳಿದರು. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಹಿಡಿದದ್ದು 120 ಪೌಂಡ್. ಒಂದೂವರೆ ಪೌಂಡಿನಲ್ಲಿ ಸೋತೆವು ಅಂತ ನಿಜವಾಗಿಯೂ ಬೇಜಾರು ಮಾಡಿಕೊಂಡರು. ಆಮೇಲೆ 2011ರಲ್ಲಿ ವರ್ಜೀನಿಯಾದಲ್ಲಿ 143 ಪೌಂಡಿನ ಬ್ಲೂ ಸಿಕ್ಕಿದೆ ಅನ್ನುವುದನ್ನು ನಾನು ಹೇಳಲಿಲ್ಲ.

ವರ್ಜೀನಿಯಾ ವಿಷಯ ಬಂತಲ್ಲ, ಅಲ್ಲಿ ಇದೇ ಮೀನಿಗೆ ಉಲ್ಟಾ ನ್ಯಾಯ. ಬ್ಲೂ ಮಿಸ್ಸಿಸಿಪ್ಪಿ ಸೀಮೆಯದ್ದು. ಆಟಕ್ಕೆ ಇರಲಿ ಅಂತ 1970ರ ದಶಕದಲ್ಲಿ ವರ್ಜೀನಿಯಾದ ನದಿಗಳಿಗೆ ಬಿಟ್ಟರು. ಅದು ಚೆಸಪೀಕ್ ಕೊಲ್ಲಿಯನ್ನೆಲ್ಲ ತುಂಬಿಕೊಂಡು ಅಲ್ಲಿನ ಏಡಿ, ಮೀನುಗಳನ್ನು ತಿನ್ನುತ್ತಿದೆ. 2023ರಲ್ಲಿ ಮೇರಿಲ್ಯಾಂಡ್ ರಾಜ್ಯಪಾಲರು ಇದನ್ನು ಮೀನುಗಾರಿಕೆಯ ವಿಪತ್ತು ಅಂತ ಘೋಷಿಸಿ ಅಂತ ಕೇಂದ್ರ ಸರ್ಕಾರವನ್ನು ಕೇಳಿದರು. ಅಲ್ಲಿ ಹಿಡಿದು ತಿನ್ನಿ ಅನ್ನುತ್ತಾರೆ. ಹಾಗಾಗಿ "ಬಿಡುವುದೇ ಪುಣ್ಯ" ಅಂತ ಯಾರಾದರೂ ಉಪದೇಶ ಮಾಡಿದರೆ ಯಾವ ನೀರಿನಲ್ಲಿ ಅಂತ ಕೇಳಬೇಕು.

ಹಾಗಾದರೆ ನನ್ನ ತೀರ್ಪು? ಮೀನಿನ ವಿಷಯದಲ್ಲಿ ಗೈಡ್ ಸರಿ. ಮೊದಲೇ ಹೇಳದಿದ್ದುದು ಅವರ ತಪ್ಪು. ಮೀನು ದೋಣಿಯೊಳಗೆ ಬಂದ ಮೇಲೆ ನಿಯಮ ಹೇಳಿದರೆ ಅದು ಕಿತ್ತುಕೊಂಡ ಹಾಗೇ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನದು. ಬುಕ್ ಮಾಡುವಾಗ ಮೀನು ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೆ. ಹೌದು ಅಂದಿದ್ದರು. ಎಷ್ಟು ದೊಡ್ಡದು ಅಂತ ನಾನು ಕೇಳಲಿಲ್ಲ.

ಮಾವನ ಒಂದು ಮಾತಿಗೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ. "ನಮ್ಮ ತುಂಗೆಯ ಚಿಬ್ಬಲಗುಡ್ಡೆಯಲ್ಲಿ ದೇವರ ಮೀನು ಅಂತ ಬಿಡ್ತೀವಿ. ಸರಿ. ಆದ್ರೆ ಅದಕ್ಕೆ ಯಾರಾದ್ರೂ ಮೊದಲು ಗಾಳ ಹಾಕಿ, ಎಳೆದು, ಫೋಟೊ ತೆಗೆದು ಬಿಡ್ತಾರಾ?"

ತಲೆ

ಇನ್ನೊಂದು ಜಗಳ ಬಾಕಿ ಇತ್ತು. ಅದು ದಡದಲ್ಲಾಯಿತು. ಹನ್ನೊಂದು ಮೀನು ಮನೆಗೆ ಬರುವಂಥವು. ಗೈಡ್ ಕೊಯ್ಯುವ ಕಟ್ಟೆ ಮೇಲೆ ಕರೆಂಟಿನ ಚಾಕು ಹಿಡಿದು ಹತ್ತೇ ನಿಮಿಷದಲ್ಲಿ ಮುಗಿಸಿದರು. ಚರ್ಮ ಇಲ್ಲ, ಮುಳ್ಳು ಇಲ್ಲ. ಪಕ್ಕೆಯ ಕೆಂಪು ಮಾಂಸವನ್ನೂ ಕೆತ್ತಿ ತೆಗೆದರು, ಅದರಲ್ಲಿ ಕೆಸರು ವಾಸನೆ ಜಾಸ್ತಿ ಅಂತ. ಬಿಳಿ ತುಂಡುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕೊಟ್ಟರು.

ನಾನು ಕಾರು ತರಲು ಹೋಗಿದ್ದೆ. ಬಂದು ನೋಡಿದರೆ ಮಾವ ಕಸದ ಡ್ರಮ್ಮಿನೊಳಗೆ ಬಗ್ಗಿ ನೋಡುತ್ತಿದ್ದರು. "ತಲೆ ಎಲ್ಲ ಇದರಲ್ಲಿ ಹಾಕಿದಾನಲ್ಲೋ!" ದೊಡ್ಡ ಮೀನು ಬಿಟ್ಟಿದ್ದಕ್ಕಿಂತ ಇದು ಅವರಿಗೆ ಜಾಸ್ತಿ ನೋವಾಯಿತು. ಆ ಮೀನಾದರೂ ಬದುಕಿದೆ, ಇದು ಯಾವ ಲೆಕ್ಕಕ್ಕೂ ಇಲ್ಲ, ಅಂದರು. ಮುಳ್ಳಿಲ್ಲದ ತಲೆಯಿಲ್ಲದ ತುಂಡಿನಲ್ಲಿ ಸಾರು ಮಾಡಿದರೆ ರುಚಿ ಎಲ್ಲಿಂದ ಬರುತ್ತದೆ? ಅತ್ತೆ ಊರಿಂದ ಕಟ್ಟಿಕೊಟ್ಟಿದ್ದ ವಾಟೆಹುಳಿ ಹಾಕಿ ಮಾಡಿದೆವು. ತುಂಡುಗಳು ಸಾರಿನಲ್ಲಿ ಒಡೆದು ಹೋದವು. ಉಳಿದದ್ದನ್ನು ಹುರಿದೆವು. ಅದು ಚೆನ್ನಾಗಿತ್ತು. ಮಾವ ಎರಡು ತುಂಡು ತಿಂದು ಕೈ ತೊಳೆದರು.

ಮಾರ್ಚ್‌ನಲ್ಲಿ, ಅವರು ವಾಪಸ್ ಹೋಗುವ ಮೊದಲು, ಅದೇ ಗೈಡ್‌ಗೆ ಮತ್ತೆ ಫೋನ್ ಮಾಡಿದೆ. ಈ ಸಲ ಪಟ್ಟಾಗಿ ಕೂತು ಮಾತಾಡಿಯೇ ಬುಕ್ ಮಾಡಿದ್ದು. ಎಷ್ಟು ಇಂಚಿನ ತನಕ ಇಟ್ಟುಕೊಳ್ಳಬಹುದು, ಗಾಳಿ ಜೋರಾದರೆ ದಿನ ಬದಲಿಸುತ್ತೀರಾ, ಮುಂಗಡ ಏನಾಗುತ್ತದೆ, ಮೀನು ಹೇಗೆ ಕೊಯ್ದು ಕೊಡುತ್ತೀರಿ. ಕೊನೆಯ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ತಲೆ ಯಾಕೆ ಬೇಕು ಅಂತ ಕೇಳಿದರು. ತಿನ್ನಲಿಕ್ಕೆ ಅಂದೆ.

ನೀರುಕಾಗೆಗಳು ಅಷ್ಟರಲ್ಲಿ ಉತ್ತರಕ್ಕೆ ಹೊರಟಿದ್ದವು. ದೊಡ್ಡ ಮೀನು ಒಂದೂ ಸಿಗಲಿಲ್ಲ. ಒಂಬತ್ತು ಸಣ್ಣವು ಸಿಕ್ಕವು. ಅವನ್ನು ಮಾವನೇ ಕೊಯ್ದರು, ಗೈಡ್ ಪಕ್ಕದಲ್ಲಿ ನಿಂತು ನೋಡಿದರು. ಬೆನ್ನಿನ ಮುಳ್ಳನ್ನು ಮೊದಲೇ ಕತ್ತರಿಸಿ, ಬೂದಿ ಇಲ್ಲದ್ದಕ್ಕೆ ಉಪ್ಪು ಹಾಕಿ ಉಜ್ಜಿ ಲೋಳೆ ತೆಗೆದು, ಮೂಳೆ ಸಮೇತ ಅಡ್ಡ ತುಂಡು ಮಾಡಿದರು. ತಲೆಗಳಿಗೆ ಬೇರೆ ಚೀಲ. ಆ ಚೀಲವನ್ನು ಪ್ಲೇನೋ ತನಕ ಕಾಲ ಬುಡದಲ್ಲೇ ಇಟ್ಟುಕೊಂಡು ಬಂದರು. ಮರುದಿನ ಒಂದು ಸ್ಟೀಲ್ ಡಬ್ಬಿಯಲ್ಲಿ ಸಾರು ತುಂಬಿಸಿ, ಗೈಡ್‌ಗೆ ಕೊಟ್ಟು ಬಾ ಅಂತ ನನ್ನನ್ನು ಅಷ್ಟು ದೂರ ಓಡಿಸಿದರು. ಖಾರ ಜಾಸ್ತಿ ಆಯಿತು, ಆದರೂ ತಿಂದೆ ಅಂತ ಗೈಡ್ ಮೆಸೇಜ್ ಮಾಡಿದ್ದರು. ಡಬ್ಬಿ ಇನ್ನೂ ಅವರ ಹತ್ತಿರವೇ ಇದೆ. ಅತ್ತೆ ಪ್ರತಿ ಭಾನುವಾರ ಫೋನ್ ಮಾಡಿದಾಗ ಕೇಳುತ್ತಾರೆ.